ಸೂರ್ಯನ ಬೆಳಕು, ಸಹಕಾರದ ತಂತಿ

ಕೆರೆಯ ನೀರು ಯಾರದೆಂದು ಹಳ್ಳಿಯವರನ್ನು ಕೇಳಿದರೆ ‘ಊರಿನದು’ ಎಂಬ ಉತ್ತರ ತಡೆಯಿಲ್ಲದೆ ಬರುತ್ತದೆ. ಡೈರಿಗೆ ಹಾಕಿದ ಹಾಲು ಯಾರದೆಂದು ಕೇಳಿದರೆ ‘ಸಂಘದ್ದು; ಸಂಘ ನಮ್ಮದು’ ಎನ್ನುತ್ತಾರೆ. ಆದರೆ ಮನೆಯ ಮುಂದಿನ ಕಂಬದ ಮೇಲೆ ಹಾದುಹೋಗುವ ತಂತಿಯಲ್ಲಿ ಹರಿಯುವ ವಿದ್ಯುತ್ತು ಯಾರದು? ಈ ಪ್ರಶ್ನೆಯನ್ನು ಕೇಳುವ ಅಭ್ಯಾಸವೇ ನಮ್ಮಲ್ಲಿಲ್ಲ. ಕರೆಂಟು ‘ಬರುತ್ತದೆ’, ಕರೆಂಟು ‘ಹೋಗುತ್ತದೆ’. ಮಳೆಗಾಳಿಗಳ ವಿಷಯದಲ್ಲಿ ಆಡುವ ಮಾತನ್ನೇ ನಾವು ವಿದ್ಯುತ್ತಿನ ವಿಷಯದಲ್ಲಿಯೂ ಆಡುತ್ತೇವೆ.

ಈ ಮಾತಿನ ಹಿಂದೆ ಒಂದು ಭೌತಶಾಸ್ತ್ರದ ಕಾರಣ ಉಂಟು, ಒಂದು ಚರಿತ್ರೆಯ ಕಾರಣವೂ ಉಂಟು. ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಶಕ್ತಿಯ ಕಡೆಗೆ ಜಗತ್ತು ತಿರುಗುತ್ತಿರುವ ಈ ಕಾಲದಲ್ಲಿ ಆ ಎರಡು ಕಾರಣಗಳೂ ಸಡಿಲಗೊಳ್ಳುತ್ತಿವೆ. ಆದುದರಿಂದ ‘ವಿದ್ಯುತ್ತು ಯಾರದು?’ ಎಂಬ ಪ್ರಶ್ನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರೈತನಿಗೂ ಇಂದು ಸಂಬಂಧಪಟ್ಟದ್ದಾಗಿದೆ. ಅದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ವಿದ್ಯುತ್ತು ದೂರದಿಂದ ಬಂದ ಬಗೆ

1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಪ್ರಯಾಣ ಮಾಡಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಮೂರು ವರ್ಷಗಳ ತರುವಾಯ, 1905ರಲ್ಲಿ, ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ವಿದ್ಯುತ್ತನ್ನು ಬಳಸುವ ಸ್ಥಳ ಒಂದು ಕಡೆ, ಹುಟ್ಟುವ ಸ್ಥಳ ಮತ್ತೊಂದು ಕಡೆ ಎಂಬ ವ್ಯವಸ್ಥೆ ನಮ್ಮ ನಾಡಿನಲ್ಲಿ ಹೀಗೆ ಮೊದಲಾಯಿತು.

ಇದು ಅನಿವಾರ್ಯವೇ ಆಗಿತ್ತು. ಜಲಪಾತವು ನಾವು ಬಯಸಿದ ಊರಿನಲ್ಲಿ ಇರುವುದಿಲ್ಲ. ಕಲ್ಲಿದ್ದಲು ಸುಡುವ ಸ್ಥಾವರವನ್ನು ಊರಿಗೊಂದರಂತೆ ಕಟ್ಟಲಾಗುವುದಿಲ್ಲ. ಹಬೆಯ ಯಂತ್ರ ದೊಡ್ಡದಾದಷ್ಟೂ ಒಂದೊಂದು ಯೂನಿಟ್ಟಿನ ಖರ್ಚು ಕಡಿಮೆಯಾಗುತ್ತದೆ. ಹೀಗಾಗಿ ಶಕ್ತಿಯ ಮೂಲಗಳು ಕೆಲವೇ ಸ್ಥಳಗಳಲ್ಲಿ ಕೇಂದ್ರೀಕೃತವಾದವು. ಅಷ್ಟು ದೊಡ್ಡ ಬಂಡವಾಳವನ್ನು ಹೂಡಬಲ್ಲವರು ಸರಕಾರ ಅಥವಾ ಭಾರಿ ಕಂಪೆನಿಗಳು ಮಾತ್ರವಾದುದರಿಂದ ಒಡೆತನವೂ ಅಲ್ಲಿಯೇ ನೆಲೆಸಿತು. ನಮ್ಮಲ್ಲಿ 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾಯಿತು. ಮುಂದೆ ಅದನ್ನು ಬೇರೆ ಬೇರೆ ನಿಗಮಗಳಾಗಿ ವಿಂಗಡಿಸಿ ಎಷ್ಟೋ ವರ್ಷಗಳಾದರೂ ಹಳ್ಳಿಯ ಬಾಯಲ್ಲಿ ಅದು ಇನ್ನೂ ‘ಕೆ.ಇ.ಬಿ.’ಯೇ. ಹಾಸನ ಜಿಲ್ಲೆಗೆ ಇಂದು ವಿದ್ಯುತ್ತನ್ನು ಹಂಚುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ.

ದೂರದ ಪ್ರಯಾಣಕ್ಕೆ ಸುಂಕ ತೆರಲೇಬೇಕು. ತಂತಿಯ ಮೂಲಕ ವಿದ್ಯುತ್ತು ಹರಿದಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿಯೇ ನಷ್ಟ. ಪ್ರವಾಹವು ಎರಡರಷ್ಟಾದರೆ ನಷ್ಟವು ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಅಂದರೆ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಅಷ್ಟೇ ಶಕ್ತಿಯನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹವು ಕಡಿಮೆಯಾಗಿ ನಷ್ಟವೂ ತಗ್ಗುತ್ತದೆ. ಆದುದರಿಂದಲೇ ಹೊಲಗಳ ಮೇಲೆ ಎತ್ತರದ ಉಕ್ಕಿನ ಗೋಪುರಗಳು ಲಕ್ಷಗಟ್ಟಲೆ ವೋಲ್ಟುಗಳ ತಂತಿಯನ್ನು ಹೊತ್ತು ನಿಂತಿವೆ. ಉಪಕೇಂದ್ರದಲ್ಲಿ ಈ ವೋಲ್ಟೇಜನ್ನು 11,000ಕ್ಕೆ ಇಳಿಸಿ ಹಳ್ಳಿಗಳ ಕಡೆಗೆ ಬಿಡುತ್ತಾರೆ. ಹಳ್ಳಿಯ ಅಂಚಿನ ಟ್ರಾನ್ಸ್‌ಫಾರ್ಮರು ಅದನ್ನು ಪಂಪಿಗೆ 400, ಮನೆಗೆ 230 ವೋಲ್ಟುಗಳಿಗೆ ಇಳಿಸುತ್ತದೆ.

ನಿಜವಾದ ತೊಂದರೆ ಇರುವುದು ಈ ಕೊನೆಯ ಹಂತದಲ್ಲಿ. ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿದಷ್ಟೂ ವೋಲ್ಟೇಜು ಕುಸಿಯುತ್ತದೆ. ಕಾಲುವೆಯ ತಲೆಯಲ್ಲಿರುವ ಗದ್ದೆಗೆ ನೀರು ತುಂಬಿ ಹರಿದು, ಬಾಲದಲ್ಲಿರುವ ಗದ್ದೆಗೆ ತೊಟ್ಟಿಕ್ಕುವಂತೆ ತಂತಿಗೂ ತಲೆ, ಬಾಲ ಎಂಬುದುಂಟು. ಬಾಲದ ತುದಿಯಲ್ಲಿರುವ ಪಂಪಿನ ಮೋಟರಿಗೆ ವೋಲ್ಟೇಜು ಸಾಲದೆ ಹೋದಾಗ ಅದು ಅದೇ ಕೆಲಸ ಮಾಡಲು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಒಳಗಿನ ಸುರುಳಿ ಕಾದು, ಕಡೆಗೊಂದು ದಿನ ಸುಟ್ಟುಹೋಗುತ್ತದೆ. ಬೇಸಗೆಯಲ್ಲಿ ತೆಂಗಿನ ತೋಟಕ್ಕೆ ನೀರು ಹಾಯಿಸಬೇಕಾದ ಚನ್ನರಾಯಪಟ್ಟಣದ ಬಯಲುಸೀಮೆಯ ರೈತನಿಗೆ ಮೋಟರನ್ನು ಮತ್ತೆ ಮತ್ತೆ ವೈಂಡಿಂಗಿಗೆ ಹಾಕುವ ಖರ್ಚು ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಹುಕ್ಕೇರಿಯ ಪ್ರಯೋಗ

ವಿದ್ಯುತ್ತನ್ನು ಬಳಸುವವರೇ ಅದರ ಒಡೆಯರೂ ಆಗಬಹುದೆ? ಆಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿ ಉಂಟು. ಆದರೆ ಅದನ್ನು ನೋಡಲು ಹಾಸನದಿಂದ ಉತ್ತರಕ್ಕೆ, ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಹೋಗಬೇಕು.

ಈ ವಿಚಾರ ಮೊಳೆತದ್ದು ಬೇರೊಂದು ಖಂಡದಲ್ಲಿ. 1935ರ ಸುಮಾರಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸಾಯಗಾರರ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ತು ಇರಲಿಲ್ಲ. ಮೈಲಿಗೊಂದೆರಡು ಮನೆಗಳಿರುವ ಕಡೆ ಕಂಬ ನೆಡುವುದು ಲಾಭವಲ್ಲವೆಂದು ಕಂಪೆನಿಗಳು ಹಿಂಜರಿದವು. ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟರು ಗ್ರಾಮೀಣ ವಿದ್ಯುದೀಕರಣಕ್ಕಾಗಿ ಒಂದು ಇಲಾಖೆಯನ್ನು ಸ್ಥಾಪಿಸಿದರು. ಮರುವರ್ಷ ಅದಕ್ಕೆ ಕಾನೂನಿನ ಬೆಂಬಲವೂ ಬಂದಿತು. ಸರಕಾರ ಸಾಲ ಕೊಟ್ಟಿತು, ರೈತರು ಸಂಘ ಕಟ್ಟಿದರು, ತಂತಿ ಎಳೆದರು. ಅಂತಹ ಸುಮಾರು 900 ಸಂಘಗಳು ಅಲ್ಲಿ ಇಂದಿಗೂ ನಡೆಯುತ್ತಿವೆ. ನಾಲ್ಕು ಕೋಟಿಗೂ ಮಿಕ್ಕಿದ ಜನರಿಗೆ ವಿದ್ಯುತ್ತನ್ನು ಒದಗಿಸುತ್ತಿವೆ.

ಭಾರತದಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿತವಾದಾಗ ಇದೇ ಮಾದರಿಯನ್ನು ಐದು ಕಡೆ ಪ್ರಯೋಗ ಮಾಡಲು ನಿಶ್ಚಯಿಸಲಾಯಿತು: ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಹಾಗೂ ನಮ್ಮ ಹುಕ್ಕೇರಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಅದೇ ವರ್ಷ ನೋಂದಣಿಯಾಯಿತು. ಅರ್ಧ ಶತಮಾನ ಕಳೆದರೂ ಅದು ಜೀವಂತವಾಗಿದೆ. ಕರ್ನಾಟಕದ ಉಳಿದ ಹಳ್ಳಿಗಳಿಗೆಲ್ಲ ಸರಕಾರದ ವಿದ್ಯುತ್ ಸರಬರಾಜು ಕಂಪೆನಿಗಳು ವಿದ್ಯುತ್ತನ್ನು ಹಂಚಿದರೆ, ಹುಕ್ಕೇರಿ ತಾಲೂಕಿಗೆ ಹಂಚುವುದು ಈ ಸಂಘ. ಷೇರು ಪಡೆದ ಬಳಕೆದಾರನೇ ಸದಸ್ಯ. ಸದಸ್ಯರು ಆರಿಸಿದವರೇ ನಿರ್ದೇಶಕರು. ಕಂಬ, ತಂತಿ, ಮೀಟರು, ಬಿಲ್ಲು, ದುರಸ್ತಿ, ಎಲ್ಲವೂ ಸಂಘದ ಹೊಣೆ.

ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹುಕ್ಕೇರಿಯ ಸಂಘ ತಂತಿಗೆ ಒಡೆಯ. ತಂತಿಯಲ್ಲಿ ಹರಿಯುವುದಕ್ಕೆ ಒಡೆಯನಲ್ಲ. ವಿದ್ಯುತ್ತನ್ನು ಅದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪೆನಿಯಿಂದ ಸಗಟಾಗಿ ಕೊಂಡು, ಬಿಡಿಯಾಗಿ ಮಾರುತ್ತದೆ. ಮಾರುವ ದರವನ್ನು ಗೊತ್ತುಮಾಡುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕೊಳ್ಳುವ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದೊ, ನೀರಿನಿಂದ ಬಂದುದೊ ಎಂಬುದನ್ನು ನಿರ್ಧರಿಸುವವರು ಸದಸ್ಯರಲ್ಲ.

ಈ ಪರಾಧೀನತೆಯ ಅಪಾಯ ಎಷ್ಟೆಂಬುದನ್ನು ಮುಳಾ-ಪ್ರವರಾ ಸಂಘದ ಗತಿ ತೋರಿಸುತ್ತದೆ. ಅದರ ಕ್ಷೇತ್ರದಲ್ಲಿ ನೀರಾವರಿ ಪಂಪುಗಳೇ ಬಹಳ. ಕೊಂಡ ವಿದ್ಯುತ್ತಿನ ಹಣ ವರ್ಷದಿಂದ ವರ್ಷಕ್ಕೆ ಬಾಕಿ ಬೆಳೆಯಿತು. ಕಡೆಗೆ 2011ರಲ್ಲಿ ಅದರ ವಿತರಣೆಯ ಹಕ್ಕು ಸರಕಾರಿ ಕಂಪೆನಿಯ ಪಾಲಾಯಿತು. ಸಂಘವೆಂದ ಮಾತ್ರಕ್ಕೆ ಅದು ಉಳಿಯುತ್ತದೆಂಬ ಭರವಸೆಯಿಲ್ಲ. ಒಂದು ಕೈ ಸಗಟು ಬೆಲೆಗೂ ಮತ್ತೊಂದು ಕೈ ಬಿಡಿ ಬೆಲೆಗೂ ಸಿಕ್ಕಿಬಿದ್ದಿರುವಾಗ ಸದಸ್ಯರ ಮತ ನಡುವಿನ ಕಂಬ, ತಂತಿಗಳನ್ನು ಮಾತ್ರ ಆಳಬಲ್ಲದು.

ಅಮೆರಿಕದ ಸಂಘಗಳಿಗೂ ಈ ಕಟ್ಟು ತಪ್ಪಲಿಲ್ಲ. ನ್ಯೂ ಮೆಕ್ಸಿಕೋ ಸಂಸ್ಥಾನದ ಟಾವೋಸ್ ಪಟ್ಟಣದ ಕಿಟ್ ಕಾರ್ಸನ್ ವಿದ್ಯುತ್ ಸಹಕಾರ ಸಂಘವು ಟ್ರೈ-ಸ್ಟೇಟ್ ಎಂಬ ಸಗಟು ಸಂಸ್ಥೆಯೊಡನೆ ದೀರ್ಘಾವಧಿಯ ಕರಾರಿಗೆ ಒಳಪಟ್ಟಿತ್ತು. ಸ್ವಂತವಾಗಿ ನೂರಕ್ಕೆ ಐದರಷ್ಟು ಮಾತ್ರ ಉತ್ಪಾದಿಸಿಕೊಳ್ಳಬಹುದೆಂಬುದು ಕರಾರು. ಬಿಸಿಲು ಧಾರಾಳವಾಗಿರುವ ಆ ಸೀಮೆಯ ಸದಸ್ಯರಿಗೆ ಇದು ಒಪ್ಪಿಗೆಯಾಗಲಿಲ್ಲ. 2016ರಲ್ಲಿ 3 ಕೋಟಿ 70 ಲಕ್ಷ ಡಾಲರುಗಳ ಬಿಡುಗಡೆ ಹಣವನ್ನು ತೆತ್ತು ಸಂಘವು ಹೊರಬಂದಿತು. ಅಲ್ಲಲ್ಲಿ ಸೌರಸ್ಥಾವರಗಳನ್ನು ಕಟ್ಟಿಸಿತು. 2022ರ ಹೊತ್ತಿಗೆ ಬಿಸಿಲಿರುವ ಹಗಲಿನ ಬೇಡಿಕೆಯನ್ನೆಲ್ಲ ಸೂರ್ಯನಿಂದಲೇ ಪೂರೈಸುವ ಮಟ್ಟಕ್ಕೆ ಬಂದಿತು. ಹುಕ್ಕೇರಿಗೂ ಟಾವೋಸಿಗೂ ಇರುವ ಅಂತರ ಇಷ್ಟೆ: ಮೊದಲನೆಯದು ತಂತಿಯನ್ನು ಪಡೆದುಕೊಂಡಿತು, ಎರಡನೆಯದು ತಂತಿಯ ಜೊತೆಗೆ ಮೂಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಪಡೆದುಕೊಂಡಿತು.

ಸೂರ್ಯನು ಬದಲಿಸಿದ್ದು

ಮೂಲವನ್ನು ಆರಿಸಿಕೊಳ್ಳುವ ಈ ಸ್ವಾತಂತ್ರ್ಯ ಹಿಂದೆ ಯಾಕೆ ಇರಲಿಲ್ಲ, ಈಗ ಯಾಕೆ ಬಂದಿದೆ? ಕಾರಣ ಸೌರಫಲಕದ ಸ್ವಭಾವದಲ್ಲಿದೆ. ಫಲಕದೊಳಗಿನ ಸಿಲಿಕನ್ ಹಾಳೆಯ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಒಂದೇ ದಿಕ್ಕಿನಲ್ಲಿ ಹರಿಯುತ್ತವೆ. ತಿರುಗುವ ಚಕ್ರವಿಲ್ಲ, ಹಬೆಯಿಲ್ಲ, ಹೊಗೆಯಿಲ್ಲ. ಮುಖ್ಯವಾದ ಮಾತೆಂದರೆ, ಒಂದು ಫಲಕದ ಕಾರ್ಯಕ್ಷಮತೆಯು ಸಾವಿರ ಫಲಕಗಳ ನಡುವೆ ಇಟ್ಟಾಗ ಹೆಚ್ಚುವುದಿಲ್ಲ, ಒಂಟಿಯಾಗಿ ಇಟ್ಟಾಗ ಕುಗ್ಗುವುದಿಲ್ಲ. ದೊಡ್ಡ ಸ್ಥಾವರಕ್ಕೆ ಕೊಳ್ಳುವ ಬೆಲೆಯಲ್ಲಿ ಅನುಕೂಲವುಂಟು, ನಿಜ. ಆದರೆ ಹಬೆಯ ಯಂತ್ರದಂತೆ ಸಣ್ಣದಾದರೆ ಕೆಲಸಕ್ಕೇ ಬಾರದೆಂಬ ಮಾತು ಇಲ್ಲಿಲ್ಲ. ಬಿಸಿಲೆಂಬುದು ಜಲಪಾತದಂತೆ ಒಂದೇ ಕಡೆ ಇರುವ ಸಂಪತ್ತೂ ಅಲ್ಲ. ಹಾಸನದ ಆಲೂಗೆಡ್ಡೆಯ ಹೊಲದ ಮೇಲೂ ಹೊಳೆನರಸೀಪುರದ ಗದ್ದೆಯ ಮೇಲೂ ಅದು ಬೀಳುತ್ತದೆ.

ನಮ್ಮ ನಾಡಿನಲ್ಲಿ 1 ಕಿಲೋವಾಟ್ ಸಾಮರ್ಥ್ಯದ ಫಲಕಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ಟು ವಿದ್ಯುತ್ತನ್ನು ಕೊಡುತ್ತವೆ. ಅದಕ್ಕೆ ಸುಮಾರು 100 ಚದರಡಿ ಸ್ಥಳ ಸಾಕು. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್ಟಿನ ಹಿಂದೆ ಹತ್ತಿರ ಹತ್ತಿರ 1 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡು ಗಾಳಿಗೆ ಸೇರುತ್ತದೆ. ಫಲಕ ವಿದ್ಯುತ್ತು ಕೊಡುವಾಗ ಅದು ಇಲ್ಲ.

ಈಗ ವಾಚಕರು ಕಾಗದ, ಪೆನ್ಸಿಲು ತೆಗೆದುಕೊಂಡರೆ ಒಂದು ಲೆಕ್ಕವನ್ನು ಮಾಡೋಣ. ಒಂದು ಊರಿನಲ್ಲಿ 5 ಅಶ್ವಶಕ್ತಿಯ 100 ಪಂಪುಗಳಿವೆ ಎಂದಿಟ್ಟುಕೊಳ್ಳಿ. ಒಂದು ಅಶ್ವಶಕ್ತಿಗೆ 746 ವಾಟ್, 5ಕ್ಕೆ 3,730. ಮೋಟರಿನ ಒಳನಷ್ಟವನ್ನೂ ಸೇರಿಸಿದರೆ ಒಂದೊಂದು ಪಂಪು ಸುಮಾರು 4.5 ಕಿಲೋವಾಟ್ ಎಳೆಯುತ್ತದೆ. ನೂರೂ ಒಟ್ಟಿಗೆ ಓಡಿದರೆ 450 ಕಿಲೋವಾಟ್. ಏಳು ಗಂಟೆ ಓಡಿದರೆ 3,150 ಯೂನಿಟ್ಟು. ಆ ಊರಿನವರು ಎರಡು, ಎರಡೂವರೆ ಎಕರೆ ಬರಡು ನೆಲದಲ್ಲಿ 500 ಕಿಲೋವಾಟಿನ ಸೌರಸ್ಥಾವರ ಕಟ್ಟಿದರೆ ದಿನಕ್ಕೆ ಸಿಕ್ಕುವುದು ಸರಾಸರಿ 2,000 ಯೂನಿಟ್ಟು. ಎಲ್ಲ ಪಂಪುಗಳಿಗೂ ದಿನದಿನವೂ ಏಳು ಗಂಟೆ ಸಾಲದು. ಆದರೆ ಸರದಿಯ ಮೇಲೆ ದಿನಕ್ಕೆ ಅರುವತ್ತು ಪಂಪುಗಳನ್ನು ಏಳೇಳು ಗಂಟೆ ಓಡಿಸಬಹುದು.

ಸರದಿ ಎಂಬ ಮಾತು ಇಲ್ಲಿ ಮುಖ್ಯ. ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿಯೆಂಬಾತ ಇದ್ದನಷ್ಟೆ. ಯಾರ ಗದ್ದೆಗೆ ಯಾವ ಹೊತ್ತು ನೀರು ಎಂಬುದನ್ನು ನಡೆಸುತ್ತಿದ್ದವನು ಅವನು. ಸೌರಸ್ಥಾವರದ ಊರಿಗೂ ಒಬ್ಬ ನೀರುಗಂಟಿ ಬೇಕು. ಆತ ಮನುಷ್ಯನಾಗಿರಲಿ, ಗಡಿಯಾರವಿಟ್ಟ ಸ್ವಿಚ್ಚಾಗಿರಲಿ, ಆತನ ಕೈಗೆ ಸರದಿಯ ಪಟ್ಟಿಯನ್ನು ಕೊಡುವವರು ಯಾರು ಎಂಬುದೇ ಪ್ರಶ್ನೆ. ದೂರದ ಕಚೇರಿ ಕೊಟ್ಟರೆ ಅದು ಅಪ್ಪಣೆ. ಊರಿನವರು ಸಭೆ ಸೇರಿ ಬರೆದುಕೊಂಡರೆ ಅದು ಒಪ್ಪಂದ. ಹೆಚ್ಚು ಬಾಳುವುದು ಒಪ್ಪಂದ.

ಸ್ಥಾವರವು ಪಂಪುಗಳ ಮಗ್ಗುಲಲ್ಲಿಯೇ ಇರುವುದರಿಂದ ಮತ್ತೆ ಮೂರು ಲಾಭಗಳುಂಟು. ವಿದ್ಯುತ್ತಿನ ಪ್ರಯಾಣ ಕಿರಿದಾಗಿ ನಷ್ಟ ತಗ್ಗುತ್ತದೆ. ಬಾಲದ ತುದಿಯಲ್ಲಿ ವೋಲ್ಟೇಜು ಏರುತ್ತದೆ. ಮೂರನೆಯದಾಗಿ, ಸೂರ್ಯನ ವಿದ್ಯುತ್ತು ಹಗಲಿನದು. ಮೂರು ಫೇಸಿನ ವಿದ್ಯುತ್ತು ಇರುಳು ಬಂದರೆ ಟಾರ್ಚು ಹಿಡಿದು, ಹಾವು ಚೇಳುಗಳ ನಡುವೆ ತೋಟಕ್ಕೆ ಹೋಗಬೇಕಾದ ರೈತನ ಮನೆಯವರಿಗೆ ಈ ಮೂರನೆಯ ಲಾಭವೇ ಮೊದಲನೆಯದಾಗಿ ಕಂಡರೆ ಆಶ್ಚರ್ಯವಿಲ್ಲ.

ಗೇಣಿಯೊ, ಒಡೆತನವೊ?

ಸೌರಶಕ್ತಿ ಬಂದ ಮಾತ್ರಕ್ಕೆ ಒಡೆತನ ತಾನಾಗಿ ಹಳ್ಳಿಗೆ ಬರುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ವಿಸ್ತಾರದಲ್ಲಿ 2,050 ಮೆಗಾವಾಟಿನ ಸೌರೋದ್ಯಾನ ಇದೆ. ಅಲ್ಲಿನ ಬರದ ನೆಲವನ್ನು ರೈತರಿಂದ ಕೊಂಡುಕೊಳ್ಳದೆ, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಆರಂಭಿಸಿ ಗೇಣಿಗೆ ಪಡೆಯಲಾಯಿತು. ಭೂಮಿ ಕೈಬಿಡದೆ ನಿಶ್ಚಿತ ವರಮಾನ ಬರುವ ಈ ಏರ್ಪಾಡು ಮಳೆಯನ್ನೇ ನಂಬಿದ್ದವರಿಗೆ ದೊಡ್ಡ ಆಸರೆ. ಆದರೆ ಅಲ್ಲಿ ರೈತನು ನೆಲದ ಒಡೆಯನೇ ಹೊರತು ವಿದ್ಯುತ್ತಿನ ಒಡೆಯನಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮದ ರೈತರು ಬೇರೊಂದು ದಾರಿ ಹಿಡಿದರು. 2016ರಲ್ಲಿ ಆರು ಮಂದಿ ರೈತರು ಸೌರಪಂಪುಗಳ ಸಹಕಾರ ಸಂಘವನ್ನು ಕಟ್ಟಿದರು. ಆರೂ ಪಂಪುಗಳ ಫಲಕಗಳು ಕೂಡಿ 56 ಕಿಲೋವಾಟಿನಷ್ಟು. ಬಂಡವಾಳದ ಬಹುಪಾಲು ಒಂದು ಅಂತರರಾಷ್ಟ್ರೀಯ ಜಲಸಂಶೋಧನಾ ಸಂಸ್ಥೆಯ ನೆರವಿನಿಂದ ಬಂದಿತು. ಹೊಲಕ್ಕೆ ಬೇಕಾದಷ್ಟು ಬಳಸಿ ಮಿಕ್ಕ ವಿದ್ಯುತ್ತನ್ನು ಸಂಘದ ಒಂದೇ ಮೀಟರಿನ ಮೂಲಕ ಅಲ್ಲಿನ ವಿತರಣಾ ಕಂಪೆನಿಗೆ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಮಾರುವ 25 ವರ್ಷಗಳ ಒಪ್ಪಂದವಾಯಿತು.

ಈ ಏರ್ಪಾಡಿನಲ್ಲಿ ಅಡಗಿರುವ ಜಾಣ್ಮೆಯನ್ನು ಗಮನಿಸಬೇಕು. ವಿದ್ಯುತ್ತು ಪುಕ್ಕಟೆಯಾಗಿದ್ದರೆ ಪಂಪನ್ನು ನಿಲ್ಲಿಸಲು ರೈತನಿಗೆ ಕಾರಣವೇ ಇಲ್ಲ. ನೀರು ಬೇಕಾದುದಕ್ಕಿಂತ ಹೆಚ್ಚಾಗಿ ಮೇಲೆ ಬರುತ್ತದೆ, ಕೊಳವೆಬಾವಿ ಬತ್ತುತ್ತದೆ. ಮಾರಲು ಅವಕಾಶವಿಲ್ಲದ ಸೌರಪಂಪಿನಿಂದಲೂ ಇದೇ ಅಪಾಯ. ಉಳಿಸಿದ ಯೂನಿಟ್ಟಿಗೆ ಹಣ ಬರುವುದಾದರೆ ವಿದ್ಯುತ್ತೇ ಒಂದು ಬೆಳೆಯಾಗುತ್ತದೆ. ಅಂತರ್ಜಲವು ನೆಲದಲ್ಲಿಯೇ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿಯೂ 2014ರಲ್ಲಿ ಪ್ರಕಟವಾದ ‘ಸೂರ್ಯ ರೈತ’ ಯೋಜನೆಯ ಹಿಂದಿದ್ದ ವಿಚಾರ ಇದೇ. ಕನಕಪುರ ತಾಲೂಕಿನ ಹಾರೋಬೆಲೆಯ ಸುತ್ತ ಅದರ ಪ್ರಯೋಗ ನಡೆಯಿತು.

ಕಾನೂನಿನ ಬಾಗಿಲೂ ಮುಚ್ಚಿಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಉತ್ಪಾದನೆಗೆ ಪರವಾನಗಿ ಬೇಕಾಗಿಲ್ಲ, ವಿತರಣೆಗೆ ಬೇಕು. ಆದರೆ ಹಳ್ಳಿಗಳ ವಿತರಣೆಯನ್ನು ಪಂಚಾಯಿತಿಗಳು, ಬಳಕೆದಾರರ ಸಂಘಗಳು, ಸಹಕಾರ ಸಂಘಗಳು ಮುಂತಾದವುಗಳ ಮೂಲಕ ನಡೆಸುವ ಬಗ್ಗೆ ರಾಷ್ಟ್ರೀಯ ನೀತಿ ಇರಬೇಕೆಂದು ಅದೇ ಕಾಯಿದೆಯ ಐದನೆಯ ವಿಧಿ ಹೇಳುತ್ತದೆ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕುಸುಮ್ ಯೋಜನೆಯ ಒಂದು ಭಾಗವು 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಸ್ಥಾವರಗಳನ್ನು ಉಪಕೇಂದ್ರಗಳ ಸಮೀಪದಲ್ಲಿ ಕಟ್ಟಲು ರೈತರಿಗೂ ಸಹಕಾರ ಸಂಘಗಳಿಗೂ ಪಂಚಾಯಿತಿಗಳಿಗೂ ಅವಕಾಶ ಕೊಟ್ಟಿತು. ನಾವು ಮೇಲೆ ಲೆಕ್ಕ ಹಾಕಿದ ಊರಿನ ಸ್ಥಾವರ ಈ ಅಳತೆಗೆ ಒಳಪಡುತ್ತದೆಂಬುದನ್ನು ವಾಚಕರು ಗಮನಿಸಿರಬಹುದು.

ಡೈರಿಯ ಮಾಡಿನಿಂದ ಆರಂಭ

ನಮ್ಮ ನಾಲ್ಕು ತಾಲೂಕುಗಳಲ್ಲಿ ವಿದ್ಯುತ್ ಸಹಕಾರ ಸಂಘವಿಲ್ಲದಿದ್ದರೂ ಸಹಕಾರದ ಅಭ್ಯಾಸ ಇದೆ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ನಾಡು ಇದು. ಅಭ್ಯಾಸ ಎಲ್ಲಕ್ಕಿಂತ ಗಟ್ಟಿಯಾಗಿರುವುದು ಹಾಲಿನಲ್ಲಿ. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಮೊದಲಾದ ಹೈನು ಅಭಿವೃದ್ಧಿ ಕಾರ್ಯದ ಫಲವಾಗಿ ದಕ್ಷಿಣ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಉತ್ಪಾದಕರ ಸಂಘಗಳು ಎದ್ದವು. ಹಾಸನದ ಹಾಲು ಒಕ್ಕೂಟವು ಹಾಸನ, ಚಿಕ್ಕಮಗಳೂರು, ಕೊಡಗು, ಈ ಮೂರು ಜಿಲ್ಲೆಗಳನ್ನು ಒಳಗೊಂಡಿದೆ. ಒಂದು ಹಸುವಿನವನಿಗೂ ಹತ್ತು ಹಸುವಿನವನಿಗೂ ಮತ ಒಂದೇ. ಹಾಲಿಗೆ ಬೆಲೆ ಮಾತ್ರ ಅಳತೆ, ಗುಣಗಳಿಗೆ ತಕ್ಕಂತೆ. ಎದುರಿಗೇ ಅಳೆಯುವುದು, ಪುಸ್ತಕದಲ್ಲಿ ಬರೆಯುವುದು, ಮಹಾಸಭೆಯಲ್ಲಿ ಲೆಕ್ಕ ಓದುವುದು, ಇವು ವಿದ್ಯುತ್ತಿಗೂ ಬೇಕಾದ ಗುಣಗಳು.

ಅಷ್ಟೇ ಅಲ್ಲ, ಹಾಲಿಗೂ ವಿದ್ಯುತ್ತಿಗೂ ನೇರವಾದ ನಂಟುಂಟು. ಕರೆದ ಹಾಲನ್ನು ಬೇಗನೆ 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸದಿದ್ದರೆ ಕೆಡುತ್ತದೆ. ಇದಕ್ಕಾಗಿ ಬಲ್ಕ್ ಕೂಲರು ಎಂದು ಕರೆಯುವ ತಂಪು ತೊಟ್ಟಿಗಳಿವೆ. ತೊಡಕೇನೆಂದರೆ, ಹಾಲು ಬರುವುದು ಮುಂಜಾನೆ ಮತ್ತು ಸಂಜೆ. ಬಿಸಿಲು ಬರುವುದು ಹಗಲು. ಈ ಅಂತರವನ್ನು ತುಂಬಲು ಬೆಲೆಬಾಳುವ ಬ್ಯಾಟರಿಯೇ ಬೇಕೆಂದಿಲ್ಲ, ಮಂಜುಗಡ್ಡೆಯೂ ಸಾಕು.

1,000 ಲೀಟರು ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 30,000 ಕಿಲೋ ಕ್ಯಾಲೊರಿ ಉಷ್ಣವನ್ನು ಹೊರತೆಗೆಯಬೇಕು. 1 ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ 80 ಕಿಲೋ ಕ್ಯಾಲೊರಿಯನ್ನು ಹೀರಿಕೊಳ್ಳುತ್ತದೆ. ಆದುದರಿಂದ 375 ಕಿಲೋಗ್ರಾಂ ಮಂಜುಗಡ್ಡೆ ಸಾಕು. ಶೀತಕ ಯಂತ್ರವು ತಾನು ತೆಗೆದುಕೊಂಡ ವಿದ್ಯುತ್ತಿನ ಎರಡೂವರೆಯಷ್ಟು ಉಷ್ಣವನ್ನು ಸಾಗಿಸಬಲ್ಲದೆಂದು ಇಟ್ಟುಕೊಂಡರೆ ಇದಕ್ಕೆ ತಗಲುವ ವಿದ್ಯುತ್ತು ಸುಮಾರು 14 ಯೂನಿಟ್ಟು. ಅಂದರೆ ಸಂಘದ ಕಟ್ಟಡದ ಮೇಲೆ 4 ಕಿಲೋವಾಟಿನ ಫಲಕ. ನಡುಹಗಲಿನ ಬಿಸಿಲು ಮಂಜಿನ ರೂಪದಲ್ಲಿ ಕಾದಿದ್ದು ಸಂಜೆಯ ಹಾಲನ್ನು ತಣಿಸುತ್ತದೆ. ಸದಸ್ಯರು ಸೌರವಿದ್ಯುತ್ತಿನ ಲೆಕ್ಕವನ್ನೂ ದುರಸ್ತಿಯನ್ನೂ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ತೊಡಕುಗಳು

ಇಷ್ಟೆಲ್ಲ ಹೇಳಿದ ಮೇಲೆ ತೊಡಕುಗಳನ್ನು ಮುಚ್ಚಿಡುವುದು ಸರಿಯಲ್ಲ. ಅರಕಲಗೂಡು ಮಲೆನಾಡಿನ ಸೆರಗಿನಲ್ಲಿದೆ. ಮುಂಗಾರಿನ ತಿಂಗಳುಗಳಲ್ಲಿ ಮೋಡ ಕವಿದು ಫಲಕದ ಇಳುವರಿ ಬಹಳ ತಗ್ಗುತ್ತದೆ. ಮಳೆ ಬರುವಾಗ ಪಂಪುಗಳಿಗೂ ಕೆಲಸ ಕಡಿಮೆ ಎಂಬುದು ಸಮಾಧಾನ. ಆದರೆ ಮನೆಗಳ ದೀಪಕ್ಕೆ, ಹಿಟ್ಟಿನ ಗಿರಣಿಗೆ ಮಳೆಗಾಲವೆಂಬ ಬಿಡುವಿಲ್ಲ. ಇರುಳಿನ ಮಾತಂತೂ ಹೇಳಬೇಕಾಗಿಲ್ಲ. ಆದುದರಿಂದ ದೊಡ್ಡ ಜಾಲದ ತಂತಿಯನ್ನು ಕಡಿದುಕೊಂಡು ಒಂದು ಊರು ಒಂಟಿಯಾಗಿ ನಿಲ್ಲಲಾರದು. ಹಗಲು ಕೊಟ್ಟು ಇರುಳು ಪಡೆಯುವ ಕೊಡುಕೊಳ್ಳುವಿಕೆ ಅಗತ್ಯ. ಜಾಲವನ್ನು ಕಾಪಾಡುವ ಖರ್ಚಿನಲ್ಲಿ ಊರೂ ಪಾಲುಗೊಳ್ಳಬೇಕಾದುದು ನ್ಯಾಯ.

ಎರಡನೆಯದು ಬಂಡವಾಳ. ಫಲಕಗಳು 25 ವರ್ಷ ಬಾಳಬಹುದು. ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರು ಅಷ್ಟು ಬಾಳದು. ವರ್ಷ ವರ್ಷವೂ ಒಂದಿಷ್ಟು ಹಣವನ್ನು ತೆಗೆದಿಡದ ಸಂಘವು ಹತ್ತು ಹನ್ನೆರಡು ವರ್ಷಗಳಲ್ಲಿ ಕೈಚೆಲ್ಲಿ ಕೂರಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿನ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಪುಕ್ಕಟೆ. ಅದರ ಹಣವನ್ನು ಸರಕಾರ ಭರಿಸುತ್ತದೆ. ಬೆಲೆಯಿಲ್ಲದ ಪದಾರ್ಥಕ್ಕೆ ಒಡೆಯನಾಗು ಎಂದರೆ ಯಾರು ಮುಂದೆ ಬರುತ್ತಾರೆ? ಇದಕ್ಕೆ ಉತ್ತರ ಮಿಕ್ಕ ವಿದ್ಯುತ್ತಿನಲ್ಲಿದೆ. ನಮ್ಮ ನೂರು ಪಂಪುಗಳ ಊರಿಗೆ ಹಿಂದಿರುಗೋಣ. ವರ್ಷದಲ್ಲಿ 165 ದಿನ ಪಂಪುಗಳು ಮಲಗಿರುತ್ತವೆ ಎಂದಿಟ್ಟುಕೊಳ್ಳಿ. ಆ ದಿನಗಳಲ್ಲಿ ಹೆಚ್ಚಿನವು ಮೋಡದ ದಿನಗಳೆಂದು ಸ್ಥಾವರದ ಇಳುವರಿಯನ್ನು ದಿನಕ್ಕೆ 1,500 ಯೂನಿಟ್ಟಿಗೆ ಇಳಿಸಿದರೂ ಸುಮಾರು ಎರಡೂವರೆ ಲಕ್ಷ ಯೂನಿಟ್ಟು ಉಳಿಯುತ್ತದೆ. ಲೆಕ್ಕಕ್ಕಾಗಿ ಯೂನಿಟ್ಟಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಏಳೂವರೆ ಲಕ್ಷ ರೂಪಾಯಿ. ಇದರಿಂದ ಸಾಲದ ಕಂತು ಕಟ್ಟಬೇಕು, ದುರಸ್ತಿಗೆ ತೆಗೆದಿಡಬೇಕು; ಎರಡೂ ಆದ ಮೇಲೆ ಉಳಿದುದು ಲಾಭಾಂಶ. ಮೊದಲ ವರ್ಷಗಳಲ್ಲಿ ಅದು ಸೊನ್ನೆಯೇ ಇರಬಹುದು. ಆ ಮಾತನ್ನು ಮಹಾಸಭೆಯಲ್ಲಿ ನಿಂತು ಹೇಳುವ ಧೈರ್ಯ ಪದಾಧಿಕಾರಿಗಳಿಗೂ, ಕೇಳುವ ತಾಳ್ಮೆ ಸದಸ್ಯರಿಗೂ ಬೇಕು. ಲೆಕ್ಕ ಓದದ ಸಂಘದಲ್ಲಿ ಒಡೆತನವೆಂಬುದು ಷೇರು ಪತ್ರದ ಮೇಲಿನ ಮಾತಾಗಿ ಉಳಿಯುತ್ತದೆ.

ಕಲ್ಲಿದ್ದಲಿನಿಂದ ಸೂರ್ಯನ ಕಡೆಗೆ ನಡೆಯುವ ಪ್ರಯಾಣ ನಾವು ಬಯಸಿದರೂ ಬಿಟ್ಟರೂ ನಡೆಯುತ್ತಿದೆ. ಅದರಿಂದ ಗಾಳಿ ಶುದ್ಧವಾಗುವುದು ನಿಶ್ಚಯ. ಆದರೆ ಊರಿನ ಮೇಲೆ ಬಿದ್ದ ಬಿಸಿಲು ಊರಿನ ಲೆಕ್ಕಪುಸ್ತಕಕ್ಕೆ ಸೇರುತ್ತದೆಯೊ ಬೇರೆ ಯಾರ ಪುಸ್ತಕಕ್ಕೊ ಎಂಬುದು ತಾನಾಗಿ ನಿಶ್ಚಯವಾಗುವ ವಿಷಯವಲ್ಲ. ಶಿವನಸಮುದ್ರದ ಕಾಲದಲ್ಲಿ ಈ ಪ್ರಶ್ನೆಗೆ ಪ್ರಕೃತಿಯೇ ಉತ್ತರ ಕೊಟ್ಟುಬಿಟ್ಟಿತ್ತು. ಈಗ ಉತ್ತರವನ್ನು ಜನರೇ ಕೊಡಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಟ್ರಾನ್ಸ್‌ಫಾರ್ಮರುಗಳನ್ನು ದೂರದಲ್ಲಿ ನಿಂತು ಎಣಿಸಿ. ಒಂದೊಂದರ ಕೆಳಗೆ ಎಷ್ಟು ಪಂಪು, ಎಷ್ಟು ಅಶ್ವಶಕ್ತಿ, ವರ್ಷದಲ್ಲಿ ಎಷ್ಟು ದಿನ ಓಡುತ್ತವೆ, ಹೋದ ವರ್ಷ ಎಷ್ಟು ಮೋಟರು ಸುಟ್ಟವು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಡೈರಿಗೆ ಸಂಜೆ ಎಷ್ಟು ಲೀಟರು ಹಾಲು ಬರುತ್ತದೆಂದು ಕಾರ್ಯದರ್ಶಿಯನ್ನು ಕೇಳಿ. ಮೇಲಿನ ಲೆಕ್ಕಗಳಲ್ಲಿ ನಮ್ಮ ಅಂಕಿಗಳನ್ನು ತೆಗೆದು ನಿಮ್ಮ ಊರಿನ ಅಂಕಿಗಳನ್ನು ಇಡಿ. ಬಂದ ಉತ್ತರವನ್ನು ಸಂಘದ ಮುಂದಿನ ಮಹಾಸಭೆಯ ದಿನ ನಿಮ್ಮ ತಂದೆಯ ಅಥವಾ ತಾಯಿಯ ಕೈಗೆ ಕೊಡಿ. ಅಲ್ಲಿ ಅವರಿಗೆ ಒಂದು ಮತ ಉಂಟು.